ನುಣುಪಿನ ಮೂಲ ಒರಟು ಡಿಸ್ಕಿನಲ್ಲಿದೆ

ಪಾಲಿಶ್ ಆದ ತೇಗದ ಮೇಜಿನ ಮೇಲೆ ಓರೆ ಬೆಳಕು ಬಿದ್ದಾಗ ಸಣ್ಣ ಸುರುಳಿ ಗೀರುಗಳು ಎದ್ದು ಕಂಡರೆ ಬೈಗುಳ ಸಿಗುವುದು ಪಾಲಿಶಿಗೆ, ಇಲ್ಲವೇ ಕೊನೆಗೆ ಬಳಸಿದ ಸ್ಯಾಂಡಿಂಗ್ ಡಿಸ್ಕಿಗೆ. ಇನ್ನೂ ನಯದ ನಂಬರು ಹಾಕಬೇಕಿತ್ತು ಎಂಬ ತೀರ್ಪು ಸಿದ್ಧವಾಗಿಯೇ ಇರುತ್ತದೆ. ನನ್ನ ವಾದ ಇದಕ್ಕೆ ತದ್ವಿರುದ್ಧ. ಆ ಗೀರುಗಳಲ್ಲಿ ಹೆಚ್ಚಿನವು ಮೊದಲ ಡಿಸ್ಕು ಬಿಟ್ಟುಹೋದವು. ಮರದ ಮೈ ಎಷ್ಟು ನುಣುಪಾದೀತು ಎಂಬುದು ಒರಟು ಡಿಸ್ಕಿನ ಕೆಲಸ ಮುಗಿಯುವ ಹೊತ್ತಿಗೇ ಮುಕ್ಕಾಲು ಪಾಲು ತೀರ್ಮಾನವಾಗಿರುತ್ತದೆ.

ಇದಕ್ಕೆ ಆಧಾರ ಡಿಸ್ಕಿನ ಬೆನ್ನಿನ ಮೇಲೆ ಅಚ್ಚಾದ ನಂಬರಿನಲ್ಲೇ ಇದೆ. ಪಿ80 ಡಿಸ್ಕಿನ ಕಣ ಸರಾಸರಿ 200 ಮೈಕ್ರಾನಿನಷ್ಟು ದಪ್ಪ. ಪಿ120ರದ್ದು 125, ಪಿ180ರದ್ದು ಸುಮಾರು 80, ಪಿ240ರದ್ದು 60ಕ್ಕಿಂತ ತುಸು ಕಡಿಮೆ. ಒಂದು ಡಿಸ್ಕು ಕೊರೆದ ಗೀರು ಅಳಿಯಬೇಕಾದರೆ ಅದರ ತಳ ಮುಟ್ಟುವವರೆಗೂ ಸುತ್ತಲಿನ ಮರ ಸವೆಯಬೇಕು. 80ರ ಗೀರನ್ನು 120 ಸಲೀಸಾಗಿ ತೆಗೆಯುತ್ತದೆ, 120ರದ್ದನ್ನು 180. ನಡುವಿನದನ್ನು ಹಾರಿಸಿ 80ರಿಂದ ನೇರ 240ಕ್ಕೆ ಹೋದರೆ ಆ ನಯದ ಕಣಗಳು ಗೀರಿನ ಅಂಚನ್ನಷ್ಟೇ ಸವರುತ್ತವೆ. ಬೆರಳಿಗೆ ಮೈ ನುಣ್ಣಗಿದೆ ಅನಿಸುತ್ತದೆ. ಸ್ಟೇನ್ ಹಚ್ಚಿದ ಕೂಡಲೇ ಬಣ್ಣ ಗೀರಿನಲ್ಲಿಳಿದು ಗುಟ್ಟು ರಟ್ಟಾಗುತ್ತದೆ. ಹಾಗೆಂದು ಎಲ್ಲ ಕೆಲಸವೂ 80ರಿಂದಲೇ ಶುರುವಾಗಬೇಕಿಲ್ಲ. ಹತ್ತರಿ ಹೊಡೆದು ಸಮನಾದ ಹಲಗೆಗೆ 120 ಸಾಕು. ಪ್ಲೈವುಡ್ಡಿನ ವೆನೀರ್ ಅರ್ಧ ಮಿಲಿಮೀಟರಿಗಿಂತ ತೆಳುವಾಗಿರುವುದೇ ಹೆಚ್ಚು. ಅದರ ಮೇಲೆ 80 ಇಟ್ಟರೆ ಕೆಳಗಿನ ಪದರ ಬಾಯಿಬಿಡುತ್ತದೆ, 180 ಕ್ಷೇಮ.

ಇಷ್ಟೊಂದು ಡಿಸ್ಕು ಕೊಳ್ಳುವುದು ದುಬಾರಿ, ಒಂದನ್ನೇ ಹರಿಯುವ ತನಕ ಓಡಿಸಿದರೆ ಉಳಿತಾಯ ಎಂಬ ಆಕ್ಷೇಪವಿದೆ. ಡಿಸ್ಕಿನ ಬೆಲೆಯನ್ನು ಮಾತ್ರ ನೋಡಿದರೆ ಇದು ಸರಿ, ಕೂಲಿಯ ಲೆಕ್ಕ ಸೇರಿಸಿದರೆ ತಪ್ಪು. ಮೊಂಡಾದ ಕಣ ಮರವನ್ನು ಕತ್ತರಿಸದೆ ಬರಿದೆ ಉಜ್ಜಿ ಬಿಸಿ ಮಾಡುತ್ತದೆ. ತೇಗದಂಥ ಎಣ್ಣೆಯಂಶದ ಮರದಲ್ಲಿ ಪುಡಿ ಅಂಟಿಕೊಂಡು ಡಿಸ್ಕು ಬೇಗ ಕಟ್ಟಿಕೊಳ್ಳುತ್ತದೆ. ಸ್ಟಿಯರೇಟ್ ಲೇಪದ ಡಿಸ್ಕು ಇದನ್ನು ಸ್ವಲ್ಪ ತಡೆಯುತ್ತದೆ. ಕತ್ತರಿಸುತ್ತಿಲ್ಲವೆಂದು ಕೈಭಾರ ಹಾಕಿದರೆ ಆರ್ಬಿಟಲ್ ಸ್ಯಾಂಡರಿನ ಡಿಸ್ಕು ಸರಾಗವಾಗಿ ತಿರುಗದೆ ಸುರುಳಿ ಗೀರು ಎಳೆಯುತ್ತದೆ. ಯಂತ್ರದ ತೂಕವೇ ಸಾಕು, ಕೈ ದಾರಿ ತೋರಿಸಿದರಾಯಿತು. ಡಿಸ್ಕಿನ ತೂತುಗಳು ಪ್ಯಾಡಿನ ತೂತುಗಳಿಗೆ ಸರಿಯಾಗಿ ಕೂತು, ಹಿಂದೆ ವ್ಯಾಕ್ಯೂಮ್ ಇದ್ದರೆ ಪುಡಿ ಹೊರಹೋಗಿ ಡಿಸ್ಕು ಹೆಚ್ಚು ದಿನ ಬರುತ್ತದೆ. ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಮರದ ಧೂಳನ್ನು ಕ್ಯಾನ್ಸರ್‌ಕಾರಕ ಎಂದೇ ವರ್ಗೀಕರಿಸಿದೆ. ಆದ್ದರಿಂದ ವ್ಯಾಕ್ಯೂಮ್ ಇಡುವುದು ಆರೋಗ್ಯದ ಮಾತೂ ಹೌದು.

ಇನ್ನೊಂದು ಆಕ್ಷೇಪ, 400ರವರೆಗೆ ಉಜ್ಜಿದರೆ ಹೊಳಪು ಹೆಚ್ಚಲ್ಲವೇ ಎಂಬುದು. ಸ್ಟೇನ್ ಹಚ್ಚಿ ಪಿಯು ಅಥವಾ ಮೆಲಮೈನ್ ಹೊಡೆಯುವ ಮರಕ್ಕೆ ಅದು ಲಾಭಕ್ಕಿಂತ ನಷ್ಟ. 180 ಅಥವಾ 220 ದಾಟಿದರೆ ಮರದ ಮೈ ಬಿಗಿದು ಸ್ಟೇನ್ ಸರಿಯಾಗಿ ಹೀರುವುದಿಲ್ಲ, ಬಣ್ಣ ಪೇಲವವಾಗುತ್ತದೆ. ಹಲಗೆಯ ಅಡ್ಡ ಕೊಯ್ದ ತುದಿ ಬಣ್ಣವನ್ನು ಹೆಚ್ಚು ಕುಡಿಯುವುದರಿಂದ ಅಲ್ಲಿ ಮಾತ್ರ ಒಂದು ನಂಬರು ಮೇಲೆ ಹೋಗುವುದು ಒಳ್ಳೆಯದು. 320, 400 ಬೇಕಾಗುವುದು ಸೀಲರಿನ ಪದರಗಳ ನಡುವೆ; ಅಲ್ಲಿ ಸವೆಯುವುದು ಮರವಲ್ಲ, ಲೇಪ. ಹೊಳಪು ಕೊಡುವುದೂ ಆ ಲೇಪವೇ.

ಪ್ರತಿ ನಂಬರಿಗೂ ಮುನ್ನ ಮರದ ಮೇಲೆ ಪೆನ್ಸಿಲ್ ಗೆರೆ ಎಳೆಯಿರಿ. ಗೆರೆ ಪೂರಾ ಅಳಿದ ಮೇಲೆ ಓರೆ ಬೆಳಕಿನಲ್ಲಿ ಹಳೆಯ ಗೀರು ಉಳಿದಿದೆಯೇ ನೋಡಿ. ಉಳಿದಿದ್ದರೆ ಮುಂದಿನ ನಂಬರಿಗೆ ಹೋಗಬೇಡಿ. ಅಂಗಡಿಗೆ ಹೋದಾಗ 400ರ ಪ್ಯಾಕೆಟ್ ಒಂದೇ ಸಾಕು, 80 ಮತ್ತು 120 ಮಾತ್ರ ಧಾರಾಳವಾಗಿ ಕೊಳ್ಳಿ.