ಜೇಬುಗಳ್ಳ ನೋಡೋದು ಬಟ್ಟೆಯನ್ನಲ್ಲ

ಪ್ಯಾರಿಸ್‌ಗೆ ಹೊರಟವರಿಗೆಲ್ಲ ಸಿಗೋ ಉಪದೇಶ ಒಂದೇ: ಟೂರಿಸ್ಟ್ ಥರ ಕಾಣಬೇಡಿ. ಕಾಲಿಗೆ ಸ್ನೀಕರ್ಸ್ ಬೇಡ, ಕೊರಳಿಗೆ ಕ್ಯಾಮೆರಾ ಬೇಡ. ಈ ಭಯಕ್ಕೆ ನಾನು ಹೇಳುವ ಮದ್ದು ಬ್ರೆಸನ್‌ನ 1959ರ ಸಿನಿಮಾ 'ಪಿಕ್‌ಪಾಕೆಟ್'.

ನಾಯಕ ಮಿಶೆಲ್‌ನ ಮೊದಲ ಕಳ್ಳತನ ನಡೆಯೋದು ರೇಸ್‌ಕೋರ್ಸಿನಲ್ಲಿ. ಎಲ್ಲರ ಕಣ್ಣು ಕುದುರೆಗಳ ಮೇಲಿರುವಾಗ, ಮುಂದೆ ನಿಂತವಳ ಹ್ಯಾಂಡ್‌ಬ್ಯಾಗಿನ ಕೊಂಡಿ ಮೆಲ್ಲಗೆ ಬಿಚ್ಚುತ್ತಾನೆ. ಮುಂದೆ ಗಾರ್ ದ ಲಿಯೋಂ ರೈಲು ನಿಲ್ದಾಣದಲ್ಲಂತೂ ಮೂವರು ಸೇರಿ ಪರ್ಸುಗಳನ್ನು ಕೈಯಿಂದ ಕೈಗೆ ದಾಟಿಸ್ತಾರೆ. ಒಬ್ಬನ ಪರ್ಸಿನಿಂದ ದುಡ್ಡು ತೆಗೆದು, ಖಾಲಿ ಪರ್ಸನ್ನು ಅದೇ ಜೇಬಿಗೆ ವಾಪಸ್ ಇಳಿಸ್ತಾರೆ! ಕೈಚಳಕದ ನಿಜವಾದ ಕಲಾವಿದ ಕಸ್ಸಾಗಿಯೇ ನಟಿಸಿರೋದರಿಂದ ಆ ಬೆರಳುಗಳಲ್ಲಿ ಸುಳ್ಳಿಲ್ಲ.

ಗಮನಿಸಿ, ಕಳಕೊಂಡವರು ಯಾರೂ ಪೆಚ್ಚು ಟೂರಿಸ್ಟುಗಳಲ್ಲ. ಸೂಟು ತೊಟ್ಟ, ಊರಿಗೆ ಒಗ್ಗಿದ ಜನ. ಕಳ್ಳ ಕಾಯೋದು ಅವರ ಗಮನ ಬೇರೆಡೆ ಹೋಗೋ ಕ್ಷಣಕ್ಕೆ.

ನನ್ನದೊಂದು ತಕರಾರೂ ಇದೆ. ಬ್ರೆಸನ್‌ಗೆ ಕಳ್ಳನ ಆತ್ಮದ ಚಿಂತೆ ಇರುವಷ್ಟು ಪರ್ಸ್ ಹೋದವನ ಚಿಂತೆ ಇಲ್ಲ. ಪಾಸ್‌ಪೋರ್ಟ್ ಕಳಕೊಂಡು ರಾಯಭಾರ ಕಚೇರಿ ಬಾಗಿಲಲ್ಲಿ ನಿಂತವರಿಗೆ ಈ ಸೊಬಗು ರುಚಿಸಲಿಕ್ಕಿಲ್ಲ.

ಆದರೂ ಹೊರಡೋ ಮುಂಚೆ ನೋಡಿ. ನಮ್ಮ ಮೈಬಣ್ಣ, ಮಾತು, ಅಚ್ಚರಿಯ ಕಣ್ಣು ಇವನ್ನೆಲ್ಲ ಎಲ್ಲಿ ಅಂತ ಬಚ್ಚಿಡೋದು? ರೈಲು ಹತ್ತುವಾಗ ಜೇಬಿನ ಮೇಲೊಂದು ಕೈ ಇರಲಿ. ಟೂರಿಸ್ಟ್ ಆಗಿರೋಕೆ ನಾಚಿಕೆ ಬೇಡ.