ತೊಟ್ಟಿಲು ಮತ್ತು ಜೋಲಿ

ಹಂಪಿಯಲ್ಲಿ ನೆಲೆಸಿ 1564ರಲ್ಲಿ ಕಾಲವಾದ ಪುರಂದರದಾಸರ ಜೋಗುಳಗಳನ್ನು ಮೆಚ್ಚದವರಾರು? ಆದರೆ ಆ ಪರಂಪರೆಯನ್ನೇ ಅಳತೆಗೋಲಾಗಿ ಹಿಡಿದ ನಮ್ಮ ವಿಮರ್ಶೆ, ಜೋಗುಳವೆಂದರೆ ತೊಟ್ಟಿಲಿನ ಹಾಡೆಂದೇ ಬಗೆದಂತೆ ನನಗೆ ತೋರುತ್ತದೆ. ತೊಟ್ಟಿಲಿಗೆ ಮನೆ ಬೇಕು, ತೊಲೆ ಬೇಕು, ತೂಗುವವಳಿಗೆ ಬಿಡುವೂ ಬೇಕು.

ಕಂಪ್ಲಿಯ ಗದ್ದೆಗೆ ನಾಟಿಗೋ ಕಳೆಗೋ ಬಂದ ತಾಯಿಗೆ ಆ ಬಿಡುವೆಲ್ಲಿ? ಹಳೆಯ ಸೀರೆಯ ಎರಡು ತುದಿಗಳನ್ನು ಬದುವಿನ ಮರದ ಕೊಂಬೆಗೆ ಬಿಗಿದರೆ ಅದೇ ಜೋಲಿ. ಬಿಚ್ಚಿ ಮೈಗೆ ಕಟ್ಟಿಕೊಂಡರೆ ಕೂಸನ್ನು ಹೊತ್ತು ನಡೆಯಲೂ ಅದೇ ಆಸರೆ. ಕೆಸರಿನಲ್ಲಿ ಕೈಯಿಟ್ಟು ದೂರದಿಂದ ಹಾಡುವವಳ ಹಾಡಿಗೆ ನೆಡುವ ಕೈಯೇ ಲಯ.

ಈ ಮಾತು ಬಟ್ಟೆಗೂ ಸಲ್ಲುತ್ತದೆ. ಸಂಡೂರಿನ ಲಂಬಾಣಿ ಕಸೂತಿಗೆ ಕುಶಲ ಕಲಾ ಕೇಂದ್ರ ಮನ್ನಣೆ ತಂದಿತು. ಭೌಗೋಳಿಕ ಸೂಚಕದ ಮಾನ್ಯತೆಯೂ ದೊರೆಯಿತು. ಸಂತೋಷವೇ. ಹೊಸಪೇಟೆಗೆ ಬಂದಿಳಿದ ಪ್ರವಾಸಿಯೂ ಕನ್ನಡಿ ಹೊಲಿದ ಬಟ್ಟೆಗೆ ಮನಸೋಲುತ್ತಾನೆ. ಜೋಲಿಯಲ್ಲಿ ಕನ್ನಡಿಯಿಲ್ಲ, ಅದನ್ನು ಕಲೆಯೆನ್ನಲು ನಾವು ಹಿಂಜರಿಯುತ್ತೇವೆ.

ಜನಪದ ಗೀತೆಗಳನ್ನು ಸಂಗ್ರಹಿಸುವವರಲ್ಲಿ ನನ್ನ ಬಿನ್ನಹವಿಷ್ಟೆ: ಜೋಗುಳದ ಮಾತುಗಳನ್ನು ಬರೆದುಕೊಳ್ಳುವಾಗ, ಕೂಸು ಯಾವುದರಲ್ಲಿ ಮಲಗಿತ್ತು, ತಾಯಿಯ ಕೈ ಯಾವ ಕೆಲಸದಲ್ಲಿತ್ತು ಎಂಬುದನ್ನೂ ಬರೆದಿಡಿರಿ. ಓದುವ ನಮಗೆ ಆಗಲೇ ಆ ಹಾಡು ಪೂರ್ತಿ ಕೇಳಿಸೀತು.