ಪಾಸಾದ ಲಾರಿ, ತೂಗದ ಕುದುರೆ

ಬ್ರಿಟನ್ನಿನಲ್ಲಿ ಕುದುರೆ ಸಾಕುವವರ ನಡುವೆ ಒಂದು ನಂಬಿಕೆ ಬೇರೂರಿದೆ: ಮೂರೂವರೆ ಟನ್ನಿನ ಪುಟ್ಟ ಕುದುರೆ ಲಾರಿ ಓಡಿಸಲು ಕಾರಿನ ಲೈಸೆನ್ಸ್ ಸಾಕು, ಎಂಒಟಿ ಎಂಬ ವಾಹನ ಸುಸ್ಥಿತಿ ತಪಾಸಣೆಯಲ್ಲಿ ಪಾಸಾಗಿದ್ದರೆ ಎರಡು ಕುದುರೆ ಹತ್ತಿಸಿಕೊಂಡು ನಿಶ್ಚಿಂತೆಯಿಂದ ಹೊರಡಬಹುದು. ಲೈಸೆನ್ಸಿನ ಮಾತು ನಿಜ. ಉಳಿದದ್ದನ್ನು ನಾನು ಒಪ್ಪುವುದಿಲ್ಲ.

1997ರ ಜನವರಿ 1ಕ್ಕೆ ಮೊದಲು ಕಾರಿನ ಪರೀಕ್ಷೆ ಪಾಸಾದ ಅಲ್ಲಿನವರು ಏಳೂವರೆ ಟನ್ನಿನ ಲಾರಿಯನ್ನೂ ಓಡಿಸಬಹುದು. ಆಮೇಲಿನವರಿಗೆ 3,500 ಕಿಲೊ ಗಡಿ. ಅದನ್ನು ದಾಟಬೇಕಾದರೆ ಬೇರೆ ಪರೀಕ್ಷೆ ಕೊಡಬೇಕು. ಹಾಗಾಗಿ ಬಾಡಿ ಕಟ್ಟುವವರು ರೆನೋ ಮಾಸ್ಟರ್, ಪೂಜೋ ಬಾಕ್ಸರ್‌ನಂಥ ಗಾಡಿಗಳ ಚಾಸಿಯ ಮೇಲೆ ಕುದುರೆ ಗೂಡು ಕೂರಿಸಿ ಮಾರುತ್ತಾರೆ. ಈ ಗಡಿಯನ್ನು ಕುದುರೆಯ ತೂಕ ನೋಡಿ ಯಾರೂ ಹಾಕಿಲ್ಲ.

ಲೆಕ್ಕ ಹಾಕಿ ನೋಡಿ. ಖಾಲಿ ಲಾರಿ 2,400 ಕಿಲೊ ಇದೆ ಎಂದಿಟ್ಟುಕೊಂಡರೆ ಹೊರೆಗೆ ಉಳಿಯುವುದು 1,100. ಸವಾರಿ ಕುದುರೆ ಸುಲಭವಾಗಿ 500ರಿಂದ 600 ಕಿಲೊ ತೂಗುತ್ತದೆ. ಐನೂರರ ಎರಡು ಹತ್ತಿದರೆ ಉಳಿದ ನೂರು ಕಿಲೊದಲ್ಲಿ ಚಾಲಕ, ಜೊತೆಗಾರ, ಡೀಸೆಲ್, ಜೀನು, ಹುಲ್ಲು, ನೀರು ಎಲ್ಲವೂ ಸೇರಬೇಕು. ಆರುನೂರರ ಎರಡಾದರೆ ಚಾಲಕ ಸೀಟಿಗೆ ಬರುವ ಮೊದಲೇ ಮಿತಿ ಮೀರಿರುತ್ತದೆ. ಒಟ್ಟು ತೂಕ ಸರಿಯಿದ್ದರೂ ಹಿಂದಿನ ಆಕ್ಸಲಿನ ಮಿತಿ ತಪ್ಪಿರಬಹುದು, ಅದಕ್ಕೂ ಕಾನೂನಿನಲ್ಲಿ ಪ್ರತ್ಯೇಕ ಮಿತಿಯಿದೆ.

ಎಂಒಟಿ ಇದ್ಯಾವುದನ್ನೂ ತೂಗುವುದಿಲ್ಲ. ಬ್ರೇಕು, ಸ್ಟೀರಿಂಗು, ಟೈರು, ತುಕ್ಕು ನೋಡುತ್ತದೆ, ಅದು ಬೇಕಾದದ್ದೇ. ಆದರೆ ಲಾರಿ ಬರುವುದು ಖಾಲಿಯಾಗಿ. ಪರೀಕ್ಷಕ ಏನನ್ನೂ ಬಿಚ್ಚಿ ನೋಡುವಂತಿಲ್ಲವಾದ್ದರಿಂದ ರಬ್ಬರ್ ಹಾಸಿನ ಕೆಳಗೆ ಗಂಜಲ ಇಂಗಿ ಹಲಗೆ ಮೆತ್ತಗಾಗಿದ್ದರೆ ಅವನ ಕಣ್ಣಿಗೆ ಬೀಳಲಿಕ್ಕಿಲ್ಲ. ಆ ಹಲಗೆಯ ಮೇಲೆಯೇ ಅರ್ಧ ಟನ್ನಿನ ಪ್ರಾಣಿ ಓಡುವ ಗಾಡಿಯಲ್ಲಿ ನಿಂತಿರುತ್ತದೆ. ಸರ್ಟಿಫಿಕೇಟು ನೋಡಿ ಕೊಳ್ಳುವವರಿಗೆ ಇದನ್ನು ಯಾರು ಹೇಳುತ್ತಾರೆ?

ತೂಕ ನೋಡಿಕೊಳ್ಳುವುದು ಚಾಲಕನ ಹೊಣೆ, ಊರೂರಿಗೆ ವೇಬ್ರಿಡ್ಜ್ ಇದೆಯಲ್ಲ ಎನ್ನುವವರಿದ್ದಾರೆ. ಹೊಣೆ ಅವನದೇ, ನಿಜ. ಆದರೆ ರಸ್ತೆ ತಪಾಸಣೆಯಲ್ಲಿ ಸಿಕ್ಕಿಬಿದ್ದಾಗ ಇಟ್ಟಿಗೆಯಂತೆ ಕುದುರೆಯನ್ನು ಇಳಿಸಿಡಲಾಗದು. ದಂಡದ ಚೀಟಿ 100ರಿಂದ 300 ಪೌಂಡಿನದು. ಹೆಚ್ಚುವರಿ ಹೊರೆ ಇಳಿಯುವವರೆಗೆ ಗಾಡಿ ಕದಲುವಂತಿಲ್ಲ. ಇನ್ನೊಂದು ಲಾರಿ ಬರುವ ತನಕ ಗಾಬರಿಗೊಂಡ ಪ್ರಾಣಿ ಹೆದ್ದಾರಿಯ ಬದಿಯಲ್ಲಿ ಕಾಯಬೇಕು. ತಪ್ಪು ಮನುಷ್ಯನದು, ಸಂಕಟ ಕುದುರೆಯದು.

ಬ್ಯಾಟರಿ ವಾಹನಗಳಿಗೆ ಕಾರಿನ ಲೈಸೆನ್ಸಿನಲ್ಲೇ 4,250 ಕಿಲೊವರೆಗೆ ಅವಕಾಶ ಸಿಕ್ಕಿದೆ, ಈ ಕುದುರೆ ಲಾರಿಗಳಿಗೂ ಕೊಟ್ಟರಾಯಿತು ಎನಿಸಬಹುದು. ಅದರಿಂದ ಚಾಲಕನಿಗೆ ಅನುಕೂಲವಾದೀತು. ಚಾಸಿ, ಬ್ರೇಕು, ಟೈರುಗಳ ಬಲ ಒಂದು ಕಿಲೊದಷ್ಟೂ ಹೆಚ್ಚದು.

ತಪಾಸಣೆಯ ದಿನವೇ ಖಾಲಿ ಲಾರಿಯನ್ನು ಆಕ್ಸಲ್‌ವಾರು ತೂಗಿ, ಎಷ್ಟು ಹೊರೆ ಹೊರಬಲ್ಲದೆಂದು ಬಾಗಿಲಿನ ಮೇಲೆ ಬರೆಸುವುದು ಕಡ್ಡಾಯವಾಗಲಿ. ಅಲ್ಲಿಯವರೆಗೆ, ಕೊಳ್ಳುವವರೇ, ವೇಬ್ರಿಡ್ಜಿನ ಚೀಟಿ ಕೈಗೆ ಬಾರದೆ ದುಡ್ಡು ಎಣಿಸಬೇಡಿ.